ರಸೀದಿ ನಮ್ಮದು, ಖಾತೆ ಯಾರದು?

ನಮ್ಮವ್ವನ ಟ್ರಂಕಿನಲ್ಲಿ ಒಂದು ಗಂಟಿದೆ. ಹಳೇ ಸೀರೆ ತುಂಡಿನಲ್ಲಿ ಕಟ್ಟಿಟ್ಟಿರುವ ಆ ಗಂಟಿನಲ್ಲಿ ಒಡವೆ ಇಲ್ಲ. ಮನೆ ಕಂದಾಯದ ರಸೀದಿಗಳಿವೆ. ಮಂಡಲ ಪಂಚಾಯಿತಿ ಕಾಲದ್ದು ಕೆಲವು, ಗ್ರಾಮ ಪಂಚಾಯಿತಿ ಬಂದ ಮೇಲಿನವು ಉಳಿದವು. ಮೊದಮೊದಲಿನವು ಅಜ್ಜನ ಹೆಸರಿನಲ್ಲಿವೆ. ಹೆಸರನ್ನು ಒಂದೊಂದು ರಸೀದಿಯಲ್ಲಿ ಒಂದೊಂದು ಥರ ಬರೆದಿದ್ದಾರೆ. ಆದರೆ ದುಡ್ಡನ್ನು ಮಾತ್ರ ಎಲ್ಲೂ ತಪ್ಪಾಗಿ ಬರೆದಿಲ್ಲ.

ಅಜ್ಜನಿಗೆ ಸಿಕ್ಕಿದ್ದು ಜನತಾ ಮನೆ. ಹಕ್ಕುಪತ್ರವನ್ನೂ ಕೊಟ್ಟಿದ್ದರು. ನಮ್ಮ ಪ್ರತಿಯನ್ನು ಗೆದ್ದಲು ತಿಂದಿತು. ಕಚೇರಿಯ ಪ್ರತಿಯನ್ನು ಯಾರು ತಿಂದರೋ ಗೊತ್ತಿಲ್ಲ. ಮನೆಯ ಸೂರು ಸೋರತೊಡಗಿದಾಗ ಸಾಲ ತೆಗೆದು ತಾರಸಿ ಹಾಕಿಸೋಣವೆಂದು ಅವ್ವ ಬ್ಯಾಂಕಿಗೆ ಹೋದಳು. ಅವರು ನಮೂನೆ ಒಂಬತ್ತು, ಹನ್ನೊಂದು-ಎ ಕೇಳಿದರು. ಅವ್ವ ಗಂಟನ್ನು ಎತ್ತಿಕೊಂಡು ಪಂಚಾಯಿತಿಗೆ ಹೋದಳು. ನಾವೂ ಜೊತೆಯಲ್ಲಿದ್ದೆವು. ಬಿ.ಎ. ಓದಿದ ಮಗ ಜೊತೆಗಿದ್ದರೆ ಕೆಲಸ ಆಗುತ್ತದೆಂದು ಅವಳ ನಂಬಿಕೆ.

"ನಿಮ್ ಮನೆ ಈ-ಸ್ವತ್ತಲ್ಲಿ ಬತ್ತಾ ಇಲ್ಲ ಕಣಮ್ಮ."

"ಬರ್ದೆ ಇದ್ ಮ್ಯಾಲೆ ಕಂದಾಯ ಯಾತಕ್ ಕಟ್ಟುಸ್ಕಂಡ್ರಿ ಸಾಮಿ?"

"ಕಂದಾಯ ಬೇರೆ, ಖಾತೆ ಬೇರೆ."

ಈ ಒಂಬತ್ತು ಅಕ್ಷರದ ಉತ್ತರದ ಮುಂದೆ ನಮ್ಮ ಪದವಿ, ನಮ್ಮ ಕವಿತೆ, ನಮ್ಮ ಭಾಷಣ ಎಲ್ಲ ಬಾಯಿ ಮುಚ್ಚಿಕೊಂಡು ನಿಂತವು. ಆ ಬಾಯಿಯನ್ನು ಈಗ ತೆರೆಯುತ್ತಿದ್ದೇವೆ.

*

ಗೆಳೆಯರೇ, ಕಾನೂನು ಏನು ಹೇಳುತ್ತದೆ? ಖಾತೆ ಎಂದರೆ ಒಡೆತನದ ಪತ್ರವಲ್ಲ. ಯಾವ ಸ್ವತ್ತಿಗೆ ಯಾರು ತೆರಿಗೆ ಕಟ್ಟಬೇಕು ಎಂಬುದರ ಲೆಕ್ಕ ಅಷ್ಟೆ. ಒಳ್ಳೆಯದು, ಒಪ್ಪಿದೆವು. ಹಾಗಿದ್ದರೆ ಇಷ್ಟು ವರ್ಷ ತೆರಿಗೆ ಕಟ್ಟಿದ ನಮ್ಮವ್ವನ ಹೆಸರು ತೆರಿಗೆಯ ಲೆಕ್ಕದಲ್ಲಿ ಯಾಕಿಲ್ಲ? ಲೆಕ್ಕದಲ್ಲಿ ಇಲ್ಲದವಳಿಂದ ವಸೂಲಿ ಮಾಡಿದ ದುಡ್ಡು ಯಾವ ಲೆಕ್ಕಕ್ಕೆ ಹೋಯಿತು? ತೆರಿಗೆ ಕಟ್ಟುವಾಗ ನಾವು ಮಾಲೀಕರು, ಖಾತೆ ಕೇಳುವಾಗ ನಾವು ಒತ್ತುವರಿದಾರರು! ಇದು ಗುಮಾಸ್ತನೊಬ್ಬನ ಸೊಕ್ಕಲ್ಲ. ಆತ ಪಾಪ, ಕಂಪ್ಯೂಟರು ಹೇಳಿದ್ದನ್ನು ಹೇಳಿದ. ಇದು ವ್ಯವಸ್ಥೆಯ ನಾಲಿಗೆ. ವ್ಯವಸ್ಥೆಗೆ ಎರಡು ನಾಲಿಗೆ.

ಎರಡಲ್ಲ, ನಾಲ್ಕು. ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಒಂದು ನೆಲಕ್ಕೆ ನಾಲ್ಕು ಬೆಲೆ ಇದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಎಲ್ಲಿ ಬೇಕಾದರೂ ಹೋಗಿ ನೋಡಿ.

ಮೊದಲನೆಯದು ಪಂಚಾಯಿತಿ ಬೆಲೆ. ೧೯೯೩ರ ಪಂಚಾಯತ್ ರಾಜ್ ಕಾಯ್ದೆ ಮನೆಗಳ ಮೇಲೂ, ವ್ಯವಸಾಯದ ಕಂದಾಯಕ್ಕೆ ಒಳಪಡದ ಜಾಗಗಳ ಮೇಲೂ ತೆರಿಗೆ ಹಾಕುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಅಳತೆ ಮಾಡಬೇಕು, ಬೆಲೆ ಕಟ್ಟಬೇಕು, ಪಟ್ಟಿ ಮಾಡಬೇಕು, ಆ ಪಟ್ಟಿಯನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕು, ತಕರಾರು ಇದ್ದರೆ ಕೇಳಬೇಕು. ಪಟ್ಟಣಗಳಲ್ಲಿ ಬೇರೆ ದಾರಿ. ಅಲ್ಲಿ ಮಾಲೀಕನೇ ತನ್ನ ಆಸ್ತಿ ಇಷ್ಟೆಂದು ಬರೆದು ತೆರಿಗೆ ಕಟ್ಟುವ ಸ್ವಯಂ ಘೋಷಣೆ ಪದ್ಧತಿ.

ಎರಡನೆಯದು ಸಬ್‌ರಿಜಿಸ್ಟ್ರಾರ್ ಬೆಲೆ. ೧೯೫೭ರ ಸ್ಟಾಂಪ್ ಕಾಯ್ದೆಯ ೪೫-ಬಿ ಕಲಮಿನ ಪ್ರಕಾರ ಕೇಂದ್ರ ಮೌಲ್ಯಮಾಪನ ಸಮಿತಿ ಊರೂರಿಗೂ ಮಾರ್ಗಸೂಚಿ ಬೆಲೆ ಗೊತ್ತುಮಾಡುತ್ತದೆ. ಅದಕ್ಕಿಂತ ಕಡಿಮೆ ಬರೆದು ರಿಜಿಸ್ಟರ್ ಮಾಡಿಸಲು ಹೋದರೆ ತಕರಾರು. ರಾಜ್ಯದಲ್ಲೆಲ್ಲ ಈ ಬೆಲೆಯನ್ನು ೨೦೨೩ರ ಅಕ್ಟೋಬರ್ ೧ರಿಂದ ಏರಿಸಿದರು. ಪಟ್ಟಣಗಳ ಆಸ್ತಿ ತೆರಿಗೆಯೂ ಈ ಬೆಲೆಗೇ ಗಂಟು ಬಿದ್ದಿದೆ. ಇದು ಏರಿದರೆ ಅದೂ ಏರುತ್ತದೆ.

ಮೂರನೆಯದು ಸರ್ಕಾರ ನೆಲ ಕಿತ್ತುಕೊಳ್ಳುವಾಗ ಕಟ್ಟುವ ಪರಿಹಾರದ ಬೆಲೆ.

ನಾಲ್ಕನೆಯದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಬ್ರೋಕರು ಹೇಳುವ ಬೆಲೆ. ನಿಜವಾಗಿ ಕೈ ಬದಲಾಗುವುದು ಇದೇ. ಇದು ಯಾವ ಕಡತದಲ್ಲೂ ಇಲ್ಲ.

ಒಂದೇ ಗುಂಟೆ ನೆಲ. ನಾಲ್ಕು ಬೆಲೆ. ಈ ನಾಲ್ಕರಲ್ಲಿ ಯಾವುದು ಯಾವಾಗ ನಿಜವೆಂದು ಯಾರು ತೀರ್ಮಾನ ಮಾಡುತ್ತಾರೋ ಅವರೇ ಆಳುವವರು. ಮಿಕ್ಕವರು ಕಂದಾಯ ಕಟ್ಟುವವರು.

*

ಬೆಲೆ ಕಟ್ಟುವುದು ಹೇಗೆಂದು ನಾವು ಕಣ್ಣಾರೆ ಕಂಡಿದ್ದೇವೆ. ಕೇರಿಯ ಮನೆಗೆ ಬಿಲ್ ಕಲೆಕ್ಟರ್ ಟೇಪು ಹಿಡಿದು ಬರುತ್ತಾನೆ. ಹಿತ್ತಲಲ್ಲಿ ತಗಡು ಹೊದಿಸಿದ ಬಚ್ಚಲನ್ನೂ ಬಿಡುವುದಿಲ್ಲ. "ಇದೂ ಕಟ್ಟಡಾನೇ" ಎನ್ನುತ್ತಾನೆ. ಅದೇ ಟೇಪು ಹೆದ್ದಾರಿ ಪಕ್ಕದ ಗೋಡೌನಿನ ಗೇಟಿನ ಹತ್ತಿರ ಬಂದಾಗ ಮೊಟಕಾಗುತ್ತದೆ. ಒಳಗೆ ಬಿಡುವುದಕ್ಕೆ ವಾಚ್‌ಮನ್ ಇಲ್ಲವೆನ್ನುತ್ತಾನೆ. ಆ ವಾಚ್‌ಮನ್ ನಮ್ಮ ಕೇರಿಯವನೇ. ತಾನು ಕಾಯುವ ಗೋಡೌನು ಎಷ್ಟು ಚದರ ಅಡಿ ಎಂದು ಅವನಿಗೆ ಗೊತ್ತಿಲ್ಲ. ತನ್ನ ಮನೆ ಎಷ್ಟೆಂದು ಮಾತ್ರ ಪಂಚಾಯಿತಿಗೆ ಚೆನ್ನಾಗಿ ಗೊತ್ತು.

ಫಾರ್ಮ್‌ಹೌಸುಗಳನ್ನು ನೋಡಿ. ಪಹಣಿಯಲ್ಲಿ ರಾಗಿ. ನೆಲದ ಮೇಲೆ ಈಜುಕೊಳ. ವ್ಯವಸಾಯದ ಜಮೀನೆಂದು ದಾಖಲೆಯಲ್ಲಿ ಇರುವ ತನಕ ಅದು ಪಂಚಾಯಿತಿಯ ತೆರಿಗೆಯ ಕಣ್ಣಿಗೆ ಬೀಳುವುದಿಲ್ಲ. ರಾಗಿ ಬೆಳೆಯುತ್ತಿದ್ದ ನಮ್ಮಪ್ಪಂದಿರು ಅಲ್ಲಿ ಹುಲ್ಲುಹಾಸಿಗೆ ನೀರು ಬಿಡುತ್ತಿದ್ದಾರೆ. ಕಾಗದದ ಮೇಲೆ ಆ ಹುಲ್ಲೇ ರಾಗಿ.

ಪಟ್ಟಣದ ಸ್ವಯಂ ಘೋಷಣೆಯ ಮಾತಿಗೆ ಬನ್ನಿ. ಆಸ್ತಿವಂತ ತಾನೇ ಬರೆದದ್ದನ್ನು ಮೊದಲು ನಂಬುತ್ತಾರೆ. ಅನುಮಾನ ಬಂದರೆ ಮಾತ್ರ ಅಳೆಯುತ್ತಾರೆ. ನಂಬುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ನಂಬಿಕೆಗೂ ಜಾತಿ ಇದೆಯೇ? ನಾವು ಈ ಮನೆಯಲ್ಲಿ ಮೂರು ತಲೆಮಾರಿನಿಂದ ಇದ್ದೇವೆ ಎಂದು ಕೇರಿಯ ಮುದುಕಿ ಹೇಳಿದರೆ ಆ ಘೋಷಣೆಯನ್ನು ನಂಬುವ ಒಂದು ನಮೂನೆಯೂ ಈ ರಾಜ್ಯದಲ್ಲಿ ಇಲ್ಲವೇ? ಅವಳಿಗೆ ಸಾಕ್ಷಿ ಬೇಕು, ಸ್ಕೆಚ್ ಬೇಕು, ನಕಲು ಬೇಕು, ನಕಲಿನ ನಕಲು ಬೇಕು.

ಇನ್ನೊಂದು ಸಂಗತಿ. ನಮ್ಮ ನೆಲ ಎಂದ ಕೂಡಲೇ ಬೆಲೆ ಬೀಳುತ್ತದೆ. ತೋಟಿ, ತಳವಾರ, ನೀರಗಂಟಿಗಳ ಇನಾಮು ಜಮೀನುಗಳು ೧೯೬೧ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆಯ ದಾರಿಯಲ್ಲಿ ಬಂದವು. ಭೂರಹಿತರಿಗೆ ಮಂಜೂರಾದ ಜಮೀನುಗಳನ್ನು ಕಾಯಲು ೧೯೭೮ರ ಪಿಟಿಸಿಎಲ್ ಕಾಯ್ದೆ ಬಂತು. ಕಾಯುವ ಆ ಬೇಲಿಯನ್ನೇ ತೋರಿಸಿ ಬ್ರೋಕರು ಹೇಳುತ್ತಾನೆ: "ಪಿಟಿಸಿಎಲ್ ಜಮೀನು ಕಣಪ್ಪ, ತಕರಾರಿಂದು, ಅರ್ಧಕ್ಕೆ ಕೊಟ್ರೆ ನೋಡಾನ." ಅರ್ಧಕ್ಕೆ ಕೊಂಡವನು ಆಮೇಲೆ ಮಾರುವಾಗ ಅದೇ ನೆಲಕ್ಕೆ ಪೂರಾ ಬೆಲೆ ಎಣಿಸಿಕೊಳ್ಳುತ್ತಾನೆ. ತಕರಾರು ನೆಲದಲ್ಲಿರಲಿಲ್ಲ, ನಮ್ಮ ಹೆಸರಿನಲ್ಲಿತ್ತು.

*

ಈಗ ಮುಖ್ಯವಾದ ಮಾತು. ಸರ್ಕಾರಕ್ಕೆ ದುಡ್ಡು ಬೇಕಾದಾಗ ನೆಲದ ಬೆಲೆ ಮೇಲೇರುತ್ತದೆ. ಸರ್ಕಾರಕ್ಕೆ ನೆಲವೇ ಬೇಕಾದಾಗ ಬೆಲೆ ಕೆಳಗಿಳಿಯುತ್ತದೆ.

ಮೊದಲನೆಯದಕ್ಕೆ ನರಗುಂದ ಸಾಕ್ಷಿ. ಮಲಪ್ರಭಾ ಕಾಲುವೆಯಿಂದ ನಿಮ್ಮ ಭೂಮಿಯ ಬೆಲೆ ಏರಿದೆ, ಏರಿದ್ದಕ್ಕೆ ಅಭಿವೃದ್ಧಿ ಕರ ಕಟ್ಟಿ ಎಂದು ಸರ್ಕಾರ ಕೇಳಿತು. ನೀರು ಸರಿಯಾಗಿ ಬಾರದ ಹೊಲದವನಿಗೂ ಕೇಳಿತು. ೧೯೮೦ರ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತು. ರೈತ ಚಳವಳಿ ರಾಜ್ಯಕ್ಕೆಲ್ಲ ಹಬ್ಬಿದ್ದು ಆ ಹೆಣಗಳ ಮುಂದಿನಿಂದ. ಆ ಜಗಳದ ಬೇರು ಏನು? ನನ್ನ ನೆಲದ ಬೆಲೆ ಏರಿದೆಯೋ ಇಲ್ಲವೋ ಎಂದು ಹೇಳುವ ಹಕ್ಕು ಯಾರದು ಎನ್ನುವುದು.

ಎರಡನೆಯದಕ್ಕೆ ನಮ್ಮ ಚನ್ನರಾಯಪಟ್ಟಣ ಹೋಬಳಿ ಸಾಕ್ಷಿ. ೨೦೦೮ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ದೇವನಹಳ್ಳಿಯ ಮಣ್ಣನ್ನು ಚಿನ್ನವೆಂದರು. ಹಾಗೆಂದವರೇ ೨೦೨೨ರಲ್ಲಿ ಹದಿಮೂರು ಹಳ್ಳಿಗಳ ೧,೭೭೭ ಎಕರೆಗೆ ನೋಟಿಸು ಹೊರಡಿಸಿದರು. ಪೋಳನಹಳ್ಳಿ, ಹರಳೂರು, ಮಟ್ಟಿಬಾರ್ಲು ಕಡೆಯ ಜನ ಧರಣಿ ಕೂತರು. ೧,೧೯೮ ದಿನ ಕೂತರು. ಅವರಲ್ಲಿ ನಮ್ಮವರು ಇದ್ದರು, ಎಕರೆ ಎರಡೆಕರೆಯವರು, ಬೇರೆ ಏನೂ ಇಲ್ಲದವರು. ೨೦೨೫ರ ಜೂನ್ ೨೫ರಂದು ಪೊಲೀಸರು ಅವರನ್ನು ಎಳೆದು ವ್ಯಾನಿಗೆ ಹಾಕಿದರು. ಜುಲೈ ೧೫ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟಿದ್ದೇವೆಂದು ಹೇಳಬೇಕಾಯಿತು. ಗೆದ್ದವರಿಗೆ ಶರಣು. ನಮಗೆ ಬೆಲೆಯೇ ಬೇಡ, ಭೂಮಿ ಬೇಕು ಎಂದು ಅವರು ಹೇಳಿದರಲ್ಲ, ಆ ಮಾತು ನಾಲ್ಕು ಬೆಲೆಯನ್ನೂ ಒಂದೇ ಏಟಿಗೆ ಕೆಡವಿತು.

ಆದರೆ ಎಲ್ಲರೂ ಗೆಲ್ಲಲಿಲ್ಲ. ಕಳಕೊಂಡವರ ಪರಿಹಾರದ ಲೆಕ್ಕ ಹೇಗೆ ನಡೆಯುತ್ತದೆ ಗೊತ್ತೇ? ೨೦೧೩ರ ಭೂಸ್ವಾಧೀನ ಕಾಯ್ದೆ ಸ್ಟಾಂಪ್ ಕಾಯ್ದೆಯ ಬೆಲೆಯನ್ನೂ ಸುತ್ತಮುತ್ತ ರಿಜಿಸ್ಟರ್ ಆದ ಕ್ರಯಪತ್ರಗಳ ಬೆಲೆಯನ್ನೂ ಹಿಡಿದು ನೋಡಿ, ಹೆಚ್ಚಿನದನ್ನು ತೆಗೆದುಕೊಳ್ಳಲು ಹೇಳುತ್ತದೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೆ ೧೯೬೬ರ ಅದರದೇ ಕಾಯ್ದೆ ಇದೆ, ಅಲ್ಲಿ ದರ ಮಾತಾಡಿ ಗೊತ್ತುಮಾಡುತ್ತಾರೆ. ಅಲ್ಲೂ ಮೇಜಿನ ಮೇಲೆ ಬರುವುದು ರಿಜಿಸ್ಟರ್ ಪತ್ರಗಳ ಅಂಕಿಯೇ. ಆ ಅಂಕಿ ಯಾರು ಬರೆದದ್ದು? ಸ್ಟಾಂಪ್ ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಬರೆದು, ಉಳಿದದ್ದನ್ನು ಚೀಲದಲ್ಲಿ ಕೊಟ್ಟ ದೊಡ್ಡ ಮನುಷ್ಯರು. ಅವರ ಸುಳ್ಳು ಕಚೇರಿಯಲ್ಲಿ ಮೊಹರು ಒತ್ತಿಸಿಕೊಂಡು ಸತ್ಯವಾಗುತ್ತದೆ. ಜನ್ಮದಲ್ಲಿ ಒಂದು ಗುಂಟೆಯನ್ನೂ ಮಾರದ ನಮ್ಮ ಅಜ್ಜಿಗೆ ಆ ಸುಳ್ಳೇ ಪರಿಹಾರವಾಗಿ ಬರುತ್ತದೆ. ತೆರಿಗೆ ಕದ್ದವನೊಬ್ಬ, ಅದರ ದಂಡ ತೆತ್ತವಳು ಇನ್ನೊಬ್ಬಳು.

ನೆಲದ ಬೆಲೆ ಏರಿಸಲು ಜಿಲ್ಲೆಯ ಹೆಸರನ್ನೂ ಬಿಡಲಿಲ್ಲ. ೧೯೮೬ರಲ್ಲಿ ಹುಟ್ಟಿದ ಬೆಂಗಳೂರು ಗ್ರಾಮಾಂತರವನ್ನು 'ಬೆಂಗಳೂರು ಉತ್ತರ' ಮಾಡಬೇಕೆಂದು ೨೦೨೫ರ ಜುಲೈ ೨ರಂದು ನಂದಿಬೆಟ್ಟದ ಮೇಲೆ ಕೂತ ಸಚಿವ ಸಂಪುಟ ತೀರ್ಮಾನಿಸಿತು. ಗ್ರಾಮವೆಂಬ ಪದ ಬೋರ್ಡಿನಿಂದ ಹೋದರೆ ಬೆಲೆ ಏರುತ್ತದಂತೆ. ಏರಲಿ. ನಮ್ಮ ಕೇರಿಯ ಹೆಸರು ಯಾವ ಬೆಟ್ಟದ ಮೇಲೆ ಬದಲಾಗಬೇಕು ಸ್ವಾಮಿ?

*

ಇಲ್ಲಿ ನಮ್ಮ ಒಳಗಿನವರ ಜೊತೆಯೇ ಒಂದು ಜಗಳವಿದೆ. ಅದನ್ನು ಮುಚ್ಚಿಡುವುದಿಲ್ಲ.

ಕೆಲವು ಗೆಳೆಯರು ಹೇಳುತ್ತಾರೆ: ಖಾತೆ ಕೊಡದವರಿಗೆ ಕಂದಾಯ ಯಾಕೆ? ಕರ ನಿರಾಕರಣೆ ಮಾಡೋಣ. ಮಾತು ಕೇಳಲು ಚೆನ್ನಾಗಿದೆ. ಕರ ನಿರಾಕರಣೆಗೆ ದೊಡ್ಡ ಇತಿಹಾಸವೂ ಇದೆ. ಕಂಪನಿ ಸರ್ಕಾರ ಮನೆ ತೆರಿಗೆ ಹಾಕಿದಾಗ ೧೮೧೦-೧೧ರಲ್ಲಿ ಬನಾರಸಿನ ಜನ ಅಂಗಡಿ ಮುಚ್ಚಿ, ಮನೆ ಬಿಟ್ಟು ಬಯಲಿನಲ್ಲಿ ಕೂತರು. ಆ ತೆರಿಗೆ ಹಿಂದಕ್ಕೆ ಹೋಯಿತು. ನಮ್ಮ ಅಂಕೋಲೆ, ಸಿದ್ದಾಪುರದ ರೈತರು ಬ್ರಿಟಿಷರಿಗೆ ಕಂದಾಯ ಕೊಡದೆ ಹೊಲ ಮನೆ ಕಳಕೊಂಡರು.

ಆದರೆ ಕೇರಿ ಇವತ್ತು ಕಂದಾಯ ನಿಲ್ಲಿಸಿದರೆ ಯಾರಿಗೆ ನಷ್ಟ? ನಮ್ಮ ಕೈಯಲ್ಲಿರುವ ಒಂದೇ ಸಾಕ್ಷಿ ಆ ರಸೀದಿ. ಅದೂ ನಿಂತರೆ ನಾವು ಇಲ್ಲಿ ಇದ್ದೆವು ಎಂಬುದಕ್ಕೆ ಗೋಡೆಯ ಮಸಿ ಬಿಟ್ಟು ಇನ್ನೇನೂ ಉಳಿಯುವುದಿಲ್ಲ. ಎರಡನೆಯ ಕಾರಣ ಇನ್ನೂ ದೊಡ್ಡದು. ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ನೂರಕ್ಕೆ ೨೫ ಭಾಗವನ್ನು ಪರಿಶಿಷ್ಟ ಜಾತಿ, ಪಂಗಡಗಳ ಕೆಲಸಕ್ಕೆ ಎತ್ತಿಡಬೇಕೆಂಬುದು ನಿಯಮ. ಸ್ವಂತ ಆದಾಯವೆಂದರೆ ಮುಖ್ಯವಾಗಿ ಈ ತೆರಿಗೆಯೇ. ಲೆಕ್ಕ ಹಾಕಿ. ಗೋಡೌನಿನವನು ಒಂದು ರೂಪಾಯಿ ಕಡಿಮೆ ಕಟ್ಟಿದರೆ ಅದರಲ್ಲಿ ನಾಲ್ಕಾಣೆ ನಮ್ಮ ಕೇರಿಯ ಚರಂಡಿಯಿಂದ, ನಮ್ಮ ಬೀದಿ ದೀಪದಿಂದ, ನಮ್ಮ ಹುಡುಗಿಯರ ಓದಿನಿಂದ ಕದ್ದದ್ದು. ಆದ್ದರಿಂದ ತೆರಿಗೆ ಬೇಡ ಎನ್ನುವುದು ನಮ್ಮ ಘೋಷಣೆಯಾಗಬಾರದು. ಎಲ್ಲರಿಗೂ ಒಂದೇ ಟೇಪು ಹಿಡಿಯಿರಿ ಎನ್ನುವುದು ನಮ್ಮ ಘೋಷಣೆ.

ಕಾರ್ಖಾನೆಗಳವರು ಹಳೇ ವಾದ ಒಂದನ್ನು ಹೂಡುತ್ತಾರೆ. ನಮಗೆ ರಸ್ತೆ, ದೀಪ, ನೀರು ಕೊಡುವುದು ಮಂಡಳಿ, ಪಂಚಾಯಿತಿಗೆ ಯಾಕೆ ತೆರಿಗೆ ಎಂದು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ೨೦೧೩ರಲ್ಲಿ ತನ್ನದೇ ಟೌನ್‌ಷಿಪ್ ಪ್ರಾಧಿಕಾರ ಮಾಡಿಕೊಂಡಿತು. ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಕಡೆಯ ಕೈಗಾರಿಕಾ ಪ್ರದೇಶಗಳ ಲಾರಿಗಳು ಯಾವ ಊರಿನ ರಸ್ತೆ ಮೇಲೆ ಓಡುತ್ತವೆ? ಅವುಗಳ ಹೊಗೆ ಯಾವ ಊರಿನ ಎದೆಗೆ ಇಳಿಯುತ್ತದೆ? ಅದಕ್ಕೆ ಬೆಲೆ ಕಟ್ಟುವ ಕಲಮು ಯಾವುದು? ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೩ನೇ ತಿದ್ದುಪಡಿ ಪಂಚಾಯಿತಿಗಳಿಗೆ ತೆರಿಗೆಯ ಅಧಿಕಾರ ಕೊಡಲು ದಾರಿ ಮಾಡಿದ್ದು, ಅವು ಶಾಸಕರ ಮನೆ ಬಾಗಿಲಲ್ಲಿ ಕೈಚಾಚಿ ನಿಲ್ಲಬಾರದೆಂದು.

ಇನ್ನು ಕೆಲವರು, ಎಲ್ಲ ಸರಿಹೋಯಿತಲ್ಲ ಎನ್ನುತ್ತಾರೆ. ೨೦೨೫ರಲ್ಲಿ ಕಾಯ್ದೆ ತಿದ್ದಿದರು, ದಾಖಲೆ ಇಲ್ಲದ ಹಳ್ಳಿ ಸ್ವತ್ತಿಗೂ ತೆರಿಗೆ ಹಾಕಿ ಹನ್ನೊಂದು-ಬಿ ಕೊಡುತ್ತಾರೆ ಎನ್ನುತ್ತಾರೆ. ಪಟ್ಟಣಗಳಲ್ಲೂ ಅದೇ ವರ್ಷ ಫೆಬ್ರವರಿಯಲ್ಲಿ ಬಿ-ಖಾತೆ ಅಭಿಯಾನ ಶುರುವಾಯಿತು, ಮೊದಲ ವರ್ಷ ದುಪ್ಪಟ್ಟು ತೆರಿಗೆಯೊಂದಿಗೆ. ನಮ್ಮ ಪ್ರಶ್ನೆ ಇಷ್ಟೆ. ಕೆರೆಯಂಗಳದ ಪಕ್ಕ ಅಕ್ರಮ ಲೇಔಟು ಮಾಡಿ ಕೋಟಿ ಎಣಿಸಿದವನೂ, ಸರ್ಕಾರವೇ ಕೊಟ್ಟ ಜನತಾ ಮನೆಯಲ್ಲಿ ಕೂತ ನಮ್ಮವ್ವನೂ ಒಂದೇ 'ಬಿ' ಅಕ್ಷರದ ಕೆಳಗೆ ಯಾಕೆ ಬರಬೇಕು? ಸರ್ಕಾರಿ ವಸತಿ ಯೋಜನೆಯ ಮನೆಗೆ ಸಲ್ಲಬೇಕಾದದ್ದು ಹನ್ನೊಂದು-ಎ. ಕಚೇರಿ ತನ್ನ ಕಡತ ಕಳೆದುಕೊಂಡರೆ ಅನಧಿಕೃತಳಾಗುವವಳು ಅವಳೇ? ಊರು ನಮ್ಮನ್ನು ಹೊರಗಿಟ್ಟಿತ್ತು. ಈಗ ಅಕ್ಷರಮಾಲೆಯೂ ಹೊರಗಿಡುತ್ತಿದೆ.

*

ಏನು ಮಾಡಬೇಕು? ಹಳ್ಳಿ ಮೇಷ್ಟ್ರುಗಳೇ, ಹಾಸ್ಟೆಲ್ಲಿನ ತಮ್ಮಂದಿರೇ, ತಂಗಿಯರೇ, ನಿಮ್ಮನ್ನೇ ಕೇಳುತ್ತಿದ್ದೇವೆ.

ಪಂಚಾಯಿತಿಯ ತೆರಿಗೆ ಪಟ್ಟಿಯನ್ನು ಕೇಳಿ ತೆಗೆದುಕೊಳ್ಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಗ್ರಾಮಸಭೆ ನಡೆದಾಗ ಆ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ. ಊರಿನ ದೇವಸ್ಥಾನದ ಮುಂದೆ ಮಾತ್ರ ಸಾಲದು, ಕೇರಿಯ ಅರಳಿಕಟ್ಟೆಯಲ್ಲೂ ಓದಿಸಿ. ಗೋಡೌನು ಎಷ್ಟು ಅಡಿ, ರೆಸಾರ್ಟು ಎಷ್ಟು ಅಡಿ, ಕಲ್ಯಾಣ ಮಂಟಪ ಎಷ್ಟು ಅಡಿ ಎಂದು ಜನರ ಎದುರು ಬರಲಿ. ತಪ್ಪಿದ್ದರೆ ಬರವಣಿಗೆಯಲ್ಲಿ ತಕರಾರು ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಲ್ಲಿ ಹೇಳಿದ ತಕರಾರು ಗಾಳಿಗೆ ಹೋಗುತ್ತದೆ. ಮಾರ್ಗಸೂಚಿ ಬೆಲೆಯ ಕರಡು ಬಂದಾಗ ಆಕ್ಷೇಪಣೆ ಕರೆಯುತ್ತಾರೆ. ಬಿಲ್ಡರುಗಳು ಬರೆಯುತ್ತಾರೆ, ನಾವು ಒಬ್ಬರೂ ಬರೆಯುವುದಿಲ್ಲ. ಇನ್ನು ಮೇಲೆ ಬರೆಯೋಣ.

ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ೯೪-ಸಿ ಇದೆ. ದಾಖಲೆಯಿಲ್ಲದ ಹಟ್ಟಿ, ತಾಂಡಾ, ಕಾಲೋನಿಗಳಿಗೆ 'ವಾಸಿಸುವವನೇ ಮನೆಯೊಡೆಯ' ಎಂಬ ತಿದ್ದುಪಡಿ ಇದೆ. ಡ್ರೋನು ಹಾರಿಸಿ ಗ್ರಾಮಠಾಣಾ ಅಳೆಯುವ ಸ್ವಾಮಿತ್ವ ಯೋಜನೆ ೨೦೨೦ರಲ್ಲಿ ಬಂತು. ಡ್ರೋನು ಬಂದ ದಿನ ಕೇರಿಯವರು ಕೂಲಿಗೆ ಹೋಗಿದ್ದರೆ ಗಡಿ ಗುರುತು ಮಾಡುವವರು ಊರಿನವರೇ ಆಗುತ್ತಾರೆ. ಆ ದಿನ ಒಬ್ಬ ಮೇಷ್ಟ್ರಾದರೂ ಅಲ್ಲಿ ನಿಂತಿರಲಿ.

ಕಂದಾಯ, ಖಾತೆ, ಚದರಡಿ ಇವೆಲ್ಲ ಕವಿಯ ವಿಷಯವೇ ಎಂದು ನಗುವ ಗೆಳೆಯರಿದ್ದಾರೆ. ಬಾಬಾಸಾಹೇಬರು ಹೋರಾಟಕ್ಕೆ ಇಳಿದದ್ದು ಲೆಕ್ಕ ಕಲಿತು. ೧೯೨೫ರಲ್ಲಿ ಬಂದ ಅವರ ಪುಸ್ತಕ ಬ್ರಿಟಿಷ್ ಇಂಡಿಯಾದ ಪ್ರಾಂತಗಳ ಹಣಕಾಸಿನ ಮೇಲಿನದು. ಯಾರು ಎಷ್ಟು ತೆತ್ತರು, ಯಾರಿಗೆ ಎಷ್ಟು ಸಂದಿತು ಎಂದು ಕೇಳಲು ಕಲಿಯದವನು ನೋವನ್ನು ಹಾಡಬಲ್ಲ, ಅದರ ಬಾಕಿ ವಸೂಲಿ ಮಾಡಲಾರ.

ಅವತ್ತು ಪಂಚಾಯಿತಿಯಿಂದ ವಾಪಸ್ಸು ಬರುವಾಗ ಅವ್ವ ಗಂಟನ್ನು ಬಿಚ್ಚಲಿಲ್ಲ. "ಬಿಸಾಕ್ಬಿಡ್ಲಾ ಮಗ?" ಎಂದು ಕೇಳಿದಳು. ಬೇಡವ್ವ ಎಂದೆವು. ರಸೀದಿಗಳನ್ನು ವರ್ಷದ ಪ್ರಕಾರ ಜೋಡಿಸಿ, ನಕಲು ತೆಗೆಸಿ, ಅರ್ಜಿಗೆ ಲಗತ್ತಿಸಿ ಕೊಟ್ಟಿದ್ದೇವೆ. ಸ್ವೀಕೃತಿ ಕೈಯಲ್ಲಿದೆ. ಉತ್ತರ ಇನ್ನೂ ಬಂದಿಲ್ಲ. ಈ ಸಲದ ಮಳೆಗೂ ಸೂರು ಸೋರಿತು.

ಈ ವರ್ಷದ ಕಂದಾಯವನ್ನೂ ಕಟ್ಟಿದ್ದೇವೆ. ಆ ರಸೀದಿಯೂ ಗಂಟಿಗೆ ಸೇರಿದೆ. ನಿಮ್ಮ ನಿಮ್ಮ ಮನೆಯ ಟ್ರಂಕುಗಳನ್ನು ತೆಗೆದು ನೋಡಿ. ಅಲ್ಲೂ ಇಂಥ ಗಂಟು ಇದ್ದೇ ಇರುತ್ತದೆ. ಎಲ್ಲ ಗಂಟುಗಳನ್ನೂ ಎತ್ತಿಕೊಂಡು ಒಂದೇ ದಿನ ಪಂಚಾಯಿತಿಯ ಮೆಟ್ಟಿಲು ಹತ್ತೋಣ. ಕಂದಾಯ ಬೇರೆ, ಖಾತೆ ಬೇರೆ ಎಂಬ ಮಾತನ್ನು ಅವತ್ತು ಅಷ್ಟೂ ಜನರ ಮುಖ ನೋಡಿ ಹೇಳಲಿ.